ಲಾರ್ಡ್ ಸಾಹೇಬರ ಮನೆಯ ಹೊಸ್ತಿಲು

ನಮ್ಮವರು ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಅದು ಯಾವುದೋ ಕಾಲದ ಲಾರ್ಡ್ ಸಾಹೇಬರ ಬಂಗಲೆಯಾದರೂ ಅಷ್ಟೆ. ತೊಂಬತ್ತರ ದಶಕದ ಕೊನೆಯಲ್ಲಿ, ಲಂಡನ್ನಿನ ಹೊರವಲಯದ ಗ್ರೀನ್‌ಫರ್ಡ್‌ನ ನಮ್ಮ ಮನೆಯಿಂದ ಒಂದೇ ಬಸ್ಸಿಗೆ ಸಿಗುವ ಅಂಥದೊಂದು ಬಂಗಲೆಯಲ್ಲಿ ನಾನು ಗೈಡ್ ಆಗಿ ಸೇರಿದೆ. ಸಂಬಳವಿಲ್ಲ. ಆದರೂ ಆ ಬ್ಯಾಡ್ಜಿನ ಮೇಲೆ ನನಗೆ ಬಲು ಆಸೆ. ಅಲ್ಲಿಯವರೆಗೆ ಈ ಊರಲ್ಲಿ ನಾನು ಬರೀ ಡಾಕ್ಟರ ಹೆಂಡತಿ. ಮೊದಲು ಕೆಲವು ತಿಂಗಳು ಪರೀಕ್ಷೆ. ಎಡವಟ್ಟಾದರೆ ಬ್ಯಾಡ್ಜಿಲ್ಲ ಎಂದು ಮೇಲ್ವಿಚಾರಕಿ ನಯವಾಗಿಯೇ ಹೇಳಿದ್ದರು.

ಇಲ್ಲದ ಬಾಗಿಲು

ಆ ಕಾಲದವರಿಗೆ ಎಡಕ್ಕಿದ್ದದ್ದು ಬಲಕ್ಕೂ ಇರಬೇಕು. ಎಡಗೋಡೆಗೊಂದು ಬಾಗಿಲಿದ್ದರೆ ಬಲಗೋಡೆಗೂ ಚೌಕಟ್ಟು, ಹಿಡಿ ಎಲ್ಲ ಇರುವ ಬಾಗಿಲು. ಅದರ ಹಿಂದೆ ಬರೀ ಇಟ್ಟಿಗೆ. ಟಾಯ್ಲೆಟ್ ಹುಡುಕುತ್ತ ಹೋದ ಧಾರವಾಡದ ಡಾಕ್ಟರೊಬ್ಬರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಆ ಬಾಗಿಲ ಮುಂದೆ ಕಾಲು ಬದಲಿಸುತ್ತ ನಿಂತಿದ್ದಾರೆ.

"ಒಳಗ ಯಾರೋ ಅದಾರ್ರಿ," ಎಂದರು. "ಪಾಪ, ಹೊಟ್ಟಿ ಕೆಟ್ಟಿರಬೇಕು. ಅದಕ್ಕ ನಾ ಬಾಗಿಲಾ ಬಡೀಲಿಲ್ಲ."

ತಣ್ಣನೆಯ ಸಾರು

ಮೈಸೂರಿನಿಂದ ಬಂದಿದ್ದ ನಮ್ಮತ್ತೆಗೆ ಕಾಲುನೋವು. ಊಟದ ಕೋಣೆಗೆ ವಾಸನೆ ಬರಬಾರದೆಂದು ಅಡುಗೆಮನೆಯನ್ನು ಬಂಗಲೆಯ ಆಚೆ ತುದಿಯಲ್ಲಿ ಕಟ್ಟಿದ್ದಾರೆ ಎಂದು ವಿವರಿಸಿದೆ. ಅತ್ತೆ ಆ ಉದ್ದದ ಕಾರಿಡಾರ್ ಪೂರ್ತಿ ನಡೆದು, ಗೋಡೆ ಹಿಡಿದು ನಿಂತರು.

"ಒಗ್ಗರಣೆ ವಾಸನೆ ಬರದಿದ್ರೆ ಅಡುಗೆ ಆಯ್ತು ಅಂತ ಗೊತ್ತಾಗೋದು ಹೇಗಮ್ಮ?"

"ಗಂಟೆ ಹೊಡೀತಿದ್ರಂತೆ, ಅತ್ತೆ."

"ಏನಂತ? ಸಾರು ತಣ್ಣಗಾಯ್ತು ಬನ್ನಿ ಅಂತಲಾ?"

ಹೊಸ್ತಿಲು

ಹಜಾರದ ಮರದ ನೆಲವೆಂದರೆ ಮೇಲ್ವಿಚಾರಕಿಗೆ ಪ್ರಾಣ. ಹೈ ಹೀಲ್ಸ್ ಬೇಡ ಎಂದು ಹಾಕಿಸಿದ ಬೋರ್ಡನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ನನ್ನ ಪರೀಕ್ಷೆಯ ಕೊನೆಯ ದಿನ ನಮ್ಮ ಕನ್ನಡದವರ ಗುಂಪನ್ನೇ ಕರೆತಂದೆ. ಅತ್ತೆ ಚಳಿಗೆಂದು ಕೊಂಡಿದ್ದ ಕಪ್ಪು ಶೂಗಳನ್ನು ಹೊಸ್ತಿಲಾಚೆ ಬಿಟ್ಟರು. "ದೊಡ್ಡವರ ಮನೆ, ಹಾಗೇ ನುಗ್ಗೋದಾ?" ಗುಂಪಿಗೆ ಗುಂಪೇ ಬಿಟ್ಟಿತು. ಹಿಂದೆ ಬಂದ ಇಂಗ್ಲಿಷರು ಆ ರಾಶಿ ನೋಡಿ, ಇದೇ ಇಲ್ಲಿಯ ನಿಯಮವೆಂದುಕೊಂಡು ತಾವೂ ಬಿಚ್ಚಿ ಸಾಲಾಗಿ ಜೋಡಿಸಿದರು. ನಾನು ಶೂಗಳನ್ನು ಪಕ್ಕಕ್ಕೆ ಸರಿಸತೊಡಗಿದೆ. ಮೇಲ್ವಿಚಾರಕಿ ಬಂದರು, ರಾಶಿಯನ್ನು ನೋಡಿದರು, ತಮ್ಮ ಕಪ್ಪು ಶೂಗಳನ್ನೂ ಬಿಚ್ಚಿಟ್ಟು ಒಳಗೆ ನಡೆದರು. ಬ್ಯಾಡ್ಜಿನ ಆಸೆ ಬಿಟ್ಟು ಮನೆಗೆ ಬಂದೆ.

ಸಂಜೆ ಅವರದೇ ಫೋನ್. "ಬ್ಯಾಡ್ಜ್ ನಿಮ್ಮದು," ಎಂದರು. "ಬೋರ್ಡಿನಿಂದ ಆಗದ್ದು ನಿಮ್ಮತ್ತೆಯಿಂದ ಆಯಿತು. ಅವರನ್ನು ಮತ್ತೆ ಕರೆತನ್ನಿ. ಬರುವಾಗ ನನ್ನ ಶೂಗಳನ್ನೂ ತನ್ನಿ. ನಾನು ಅವರದನ್ನು ಹಾಕಿಕೊಂಡು ಕುಂಟುತ್ತ ಮನೆ ಸೇರಿದ್ದೇನೆ."

ನಾನು ಫೋನಿಟ್ಟು ಅತ್ತೆಗೆ ವಿಷಯ ಹೇಳಿದೆ.

"ಅದಕ್ಕೇ ಅಂದ್ಕೊಂಡೆ," ಎಂದರು ಅತ್ತೆ, "ಇವತ್ತು ಕಾಲೇ ನೋಯ್ತಿಲ್ವಲ್ಲ ಅಂತ."