ಉಗ್ರಾಣಿ ಉಳಿಸಿದ ಏಳು ಗಂಟೆ

ಲೆಕ್ಕಕ್ಕೆ ಹಿಡಿಯುತ್ತಿದ್ದುದು ಹತ್ತು ಗಂಟೆ. ಅದರಲ್ಲಿ ಏಳು ಗಂಟೆ ಬರೀ ಬರೆದಿಡುವುದಕ್ಕೆ. ನದಿಯ ನೀರು ಯಾವ ಬೀದಿಗೆ ಯಾವಾಗ ನುಗ್ಗುತ್ತದೆಂದು ನಾಲ್ಕು ಸಾವಿರ ಪ್ರೊಸೆಸರ್‌ಗಳು ಒಟ್ಟಿಗೆ ಲೆಕ್ಕ ಹಾಕುತ್ತಿದ್ದವು. ಉತ್ತರ ಬರೆಯಲು ಮಾತ್ರ ಎಲ್ಲಕ್ಕೂ ಒಂದೇ ಫೈಲು. ಒಂದೇ ಬಾಗಿಲಲ್ಲಿ ಬಸ್ಸು ಹತ್ತುವವರ ಹಾಗೆ ಅಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆ ಉತ್ತರಗಳನ್ನು ತುಂಬಿಡುವ ಡಿಸ್ಕುಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಕಚೇರಿಯಲ್ಲಿ ಎಲ್ಲರೂ ಉಗ್ರಾಣಿ ಎನ್ನುತ್ತಿದ್ದರು.

ಅಂದು ಬೆಳಿಗ್ಗೆಯೇ ನದಿ ದಡ ಮುಟ್ಟಿತ್ತು. ನೀರಿನ ಲೆಕ್ಕದ ಮೇಡಂ ಬಂದು, ಸಂಜೆಗೆ ನೀರು ಊರೊಳಗಿರುತ್ತದೆ, ಮಧ್ಯಾಹ್ನ ಮೂರರೊಳಗೆ ಉತ್ತರ ಬೇಕು ಎಂದರು.

ಸಲಹೆಗಳಿಗೇನೂ ಬರವಿರಲಿಲ್ಲ. ಕರೆಂಟಿನವನು ಹೊಸ ಡಿಸ್ಕು ತರಿಸಿ ಎಂದ. ಪಕ್ಕದ ಮೇಜಿನವನು, ಒಮ್ಮೆ ಆರಿಸಿ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದವನೇ ಕೇಳದೆ ಆರಿಸಿಯೂ ಬಿಟ್ಟ. ಯಂತ್ರಗಳು ಮತ್ತೆ ಎದ್ದು ಕೂರುವಾಗ ಒಂಬತ್ತೂವರೆ. ಉಗ್ರಾಣಿ ಬಯ್ಯಲಿಲ್ಲ, ಬಯ್ಯುವುದಕ್ಕೂ ಹೊತ್ತು ಬೇಕು.

ಅವನು ನೂರು ಪ್ರೊಸೆಸರ್‌ಗೆ ಒಂದರಂತೆ ಅವುಗಳಲ್ಲೇ ನಲವತ್ತನ್ನು ಮೇಸ್ತ್ರಿಗಳಾಗಿ ನೇಮಿಸಿದ. ಉಳಿದವು ಉತ್ತರವನ್ನು ಮೇಸ್ತ್ರಿಗೆ ಒಪ್ಪಿಸಿ ಲೆಕ್ಕಕ್ಕೆ ಮರಳಬೇಕು. ಮೇಸ್ತ್ರಿ ಅದನ್ನೆಲ್ಲ ಗಂಟು ಕಟ್ಟಿ, ತನಗೆ ಗೊತ್ತುಮಾಡಿದ ಡಿಸ್ಕಿಗೆ ಒಮ್ಮೆಗೇ ಬರೆಯಬೇಕು. ಮೊದಲ ಸಲ ಗಂಟು ದೊಡ್ಡದಾಗಿ ಒಬ್ಬ ಮೇಸ್ತ್ರಿ ಕುಸಿದ. ಅವನೊಂದಿಗೆ ಎಲ್ಲವೂ ನಿಂತಿತು. ಉಗ್ರಾಣಿ ಗಂಟು ಚಿಕ್ಕದು ಮಾಡಿದ. ಹನ್ನೊಂದಕ್ಕೆ ಹೊರಟ ಲೆಕ್ಕ ಎರಡೂಕಾಲಿಗೆ ಮುಗಿಯಿತು. ಮೇಡಂ ಕಣ್ಣೊರೆಸಿಕೊಂಡು, ಮುಳುಗುವ ಬೀದಿಗಳ ನಕ್ಷೆಯನ್ನು ಊರಿಗೆ ಸಾರಲು ಕಳಿಸಿದರು.

ನಕ್ಷೆಯಲ್ಲಿ ಮೊದಲು ಮುಳುಗುವ ಬೀದಿ ಉಗ್ರಾಣಿಯದೇ.

ಅವನು ಹೆಂಡತಿಗೆ ಫೋನು ಮಾಡಿ, ಅಮ್ಮನನ್ನು ಕರೆದುಕೊಂಡು ದಿಬ್ಬದ ಶಾಲೆಗೆ ಹೋಗು ಎಂದ. ಬೀರು, ಹಾಸಿಗೆ ಎತ್ತುವವರು ಯಾರು ಎಂದು ಅವಳು ಕೇಳಿದಳು. ಇಗೋ ಬಂದೆ ಎಂದು ಚೀಲ ಹೆಗಲಿಗೇರಿಸುವಷ್ಟರಲ್ಲಿ ಸಾಹೇಬರು ಎದುರಾದರು.

"ಹತ್ತು ಗಂಟೆ ಕೆಲ್ಸ ಮೂರೇ ಗಂಟೇಲಿ ಮುಗ್ಸಿದೀರಿ. ಹಾಗಿದ್ರೆ ಮೂರು ಗಂಟೆಗೊಂದು ಸಲ ಮಾಡ್ತಾ ಇರೋಣ. ನಿಮ್ಮ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ. ಇಲ್ಲೇ ಇರಿ."

ಅವನು ನಕ್ಷೆ ನೋಡಿದ. ಚೀಲ ಕೆಳಗಿಟ್ಟ.

ಸಂಜೆ ಎದೆಮಟ್ಟ ನೀರು ಬಂತು. ಬೀದಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಸುಳಿವು ಮೊದಲೇ ಸಿಕ್ಕಿದ್ದರಿಂದ ಎಲ್ಲರ ಸಾಮಾನೂ ದಿಬ್ಬ ಸೇರಿತ್ತು. ತೇಲಿದ್ದು ಉಗ್ರಾಣಿಯ ಮನೆಯ ಬೀರು, ಹಾಸಿಗೆಗಳು ಮಾತ್ರ.

ಮರುದಿನ ಅವನು ಶಾಲೆಗೆ ಬಂದಾಗ ಹೆಂಡತಿ ಅಮ್ಮನಿಗೆ ಮಲಗಲು ನೆಲದ ಮೇಲೆ ಸೀರೆ ಹಾಸುತ್ತಿದ್ದಳು. ಎದುರುಮನೆಯ ಮಾವ ಮರುಕದಿಂದ ಕೇಳಿದರು: "ಅಷ್ಟು ಮುಂಚೆ ಹೇಳಿದ್ರಲ್ಲಪ್ಪ. ಮನೆ ಸಾಮಾನು ನೋಡ್ಕೊಳ್ದೆ ನೀನೆಲ್ಲಿ ಹೋಗಿದ್ದೆ?"

"ಆಫೀಸಲ್ಲಿ ಸ್ವಲ್ಪ ಕೆಲ್ಸ ಇತ್ತು, ಮಾವ," ಎಂದ ಉಗ್ರಾಣಿ.