ಅಪ್ಪಟ ಹಾಳು ಎಣ್ಣೆ

ಹೊಸ ಎಣ್ಣೆಗಿಂತ ಕರಿದು ಬಿಟ್ಟ ಎಣ್ಣೆಗೆ ಬೆಲೆ ಬಂದದ್ದೇ ವಾರ್ಸಿತೊನ ತಲೆ ಕೆಡಿಸಿತು. ಯುರೋಪಿನವರಿಗೆ ವಿಮಾನ ಹಾರಿಸಲು ಅದೇ ಬೇಕಂತೆ. ಇಂಡೋನೇಷ್ಯಾದ ಲಾರಿಗಳು ಡೀಸೆಲ್ ಜೊತೆ ಹೊಸ ತಾಳೆ ಎಣ್ಣೆ ಕುಡಿಯುತ್ತವೆ, ಯುರೋಪಿನ ವಿಮಾನಗಳು ಹಳೆಯದನ್ನು. ನಡುವೆ ಉಳಿದದ್ದರಲ್ಲಿ ಜನ ಕರಿದುಕೊಂಡು ತಿನ್ನಬೇಕು. ಸಿಡೋಅರ್ಜೊದ ಓಣಿಯಲ್ಲಿ ಸೋಯಾ ಕಾಳಿನ ತೆಂಪೆ ಬಿಲ್ಲೆ, ಬಾಳೆಹಣ್ಣು ಕರಿದು ಮಾರುವ ವಾರ್ಸಿತೊ ಒಂದೇ ಎಣ್ಣೆಯನ್ನು ಮೂರು ವಾರ ಕಾಯಿಸುವ ಮಹಾನುಭಾವ. ಇಂಥವನಿಗಲ್ಲದೆ ಇನ್ಯಾರಿಗೆ ಆ ಯೋಗ?

ಎಣ್ಣೆ ಕೊಳ್ಳುವ ಕಂಪನಿಯ ತಪಾಸಣೆಗಾರ ಇವತ್ತು ಬರುವವನಿದ್ದ. ಹೊಸ ಎಣ್ಣೆಯನ್ನೇ ಹಳೆಯದೆಂದು ಸಾಗಹಾಕುವ ಕಳ್ಳರು ಹೆಚ್ಚಾಗಿದ್ದರು. ಎಣ್ಣೆ ನಿಜವಾಗಿ ಹಳೆಯದೆಂದು ಅವನು ಬರೆದುಕೊಟ್ಟರೆ ವಾರವಾರವೂ ಖರೀದಿ.

"ಸಾಹೇಬರು ಬರ್ತಾರೆ" ಎಂದಷ್ಟೇ ಹೇಳಿ ವಾರ್ಸಿತೊ ಸ್ನಾನಕ್ಕೆ ಹೋದ. ಹೆಂಡತಿ ಸುಮಿಯಾತಿಗೆ ಸಾಹೇಬರೆಂದರೆ ಆರೋಗ್ಯ ಇಲಾಖೆಯವರೇ. ಕರಿ ಎಣ್ಣೆಯನ್ನು ಹಿತ್ತಲ ಕ್ಯಾನಿಗೆ ಸುರಿದು, ಬಾಣಲೆ ತಿಕ್ಕಿ, ಹೊಸ ಎಣ್ಣೆ ತುಂಬಿದಳು. ಪಕ್ಕದ ಮನೆಯ ಲಾಸ್ಮಿನಿಗೂ ಸುದ್ದಿ ಮುಟ್ಟಿಸಿದಳು. ಲಾಸ್ಮಿನಿಗೆ ಹೇಳಿದರೆ ಓಣಿಗೇ ಹೇಳಿದಂತೆ.

ತಪಾಸಣೆಗಾರ ಬಾಣಲೆಗೆ ಇಣುಕಿದ. "ಇದು ಹೊಸ ಎಣ್ಣೆ. ನಿಮ್ಮಂಥವರನ್ನ ದಿನಾ ನೋಡ್ತೀನಿ."

"ಇಲ್ಲ ಬಾಪಕ್, ಇಲ್ಲ ಸಾಹೇಬ್ರೇ, ನಮ್ದು ಹಳೇದೇ," ಎಂದ ಸ್ನಾನ ಮುಗಿಸಿ ಬಂದ ವಾರ್ಸಿತೊ.

ಬಿಸಿ ತೆಂಪೆ ಕಡಿಯುತ್ತ ಲಾಸ್ಮಿನಿ ಮುಂದೆ ಬಂದಳು. "ಏನಂತ ಮಾತಾಡ್ತೀಯ, ವಾರ್ಸಿತೊ? ಬಾಪಕ್, ಇವನು ದಿನಾ ಎಣ್ಣೆ ಬದಲಾಯಿಸ್ತಾನೆ. ನನ್ ಮೊಮ್ಮಕ್ಕಳು ಇಲ್ಲೇ ತಿಂದು ಬೆಳೆದವು. ಬೇಕಾದ್ರೆ ಆಣೆ ಮಾಡ್ತೀನಿ."

"ನಾವೂ ಮಾಡ್ತೀವಿ," ಎಂದಿತು ಹಿಂದಿದ್ದ ಗುಂಪು. ವಾರ್ಸಿತೊ ವರ್ಷಗಟ್ಟಲೆ ಬಿಟ್ಟ ಬೊಗಳೆಯನ್ನು ಪಾಪ, ಅವರು ನಂಬಿದ್ದರು.

ತಪಾಸಣೆಗಾರ ಚೀಲ ಹೆಗಲಿಗೇರಿಸಿದ. ವಾರ್ಸಿತೊ ಅವನ ತೋಳು ಹಿಡಿದುಕೊಂಡ. "ಇವರಿಗೇನ್ ಗೊತ್ತು ಬಾಪಕ್? ಮೂರು ವಾರದಿಂದ ಒಂದೇ ಎಣ್ಣೆ. ಜಿರಳೆ ಬಿದ್ದಾಗ್ಲೂ ಚೆಲ್ಲಿಲ್ಲ, ಜಿರಳೆ ಮಾತ್ರ ತೆಗೆದೆ. ಬನ್ನಿ, ತೋರಿಸ್ತೀನಿ."

ಸುಮಿಯಾತಿ ಬೆರಳು ಮಾಡಿ ತೋರಿಸಿದ ಹಿತ್ತಲ ಕ್ಯಾನಿನ ಮುಚ್ಚಳ ತೆಗೆದ. ತಪಾಸಣೆಗಾರ ಅದ್ದಿ ನೋಡಿದ, ಮೂಸಿದ, ಅವನ ಮುಖ ಅರಳಿತು. "ಇಷ್ಟು ಅಪ್ಪಟ ಹಾಳು ಎಣ್ಣೇನ ನಾನು ಈ ಜಿಲ್ಲೇಲೇ ನೋಡಿಲ್ಲ." ಪತ್ರಕ್ಕೆ ಮುದ್ರೆ ಬಿತ್ತು.

ವಾರ್ಸಿತೊ ಪತ್ರ ಹಿಡಿದು ಬೀಗುತ್ತ ಅಂಗಡಿಗೆ ಬಂದ. ಲಾಸ್ಮಿನಿ ಬಾಯಲ್ಲಿದ್ದದ್ದನ್ನು ಚರಂಡಿಗೆ ಉಗಿದು ಹೊರಟಿದ್ದಳು, ಅವಳ ಹಿಂದೆ ಇಡೀ ಓಣಿ. ಸಂಜೆಯವರೆಗೆ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ.

ಸುಮಿಯಾತಿ ಪತ್ರವನ್ನು ನಿಧಾನವಾಗಿ ಓದಿದಳು. "ವಾರಕ್ಕೊಂದು ಕ್ಯಾನ್ ಹಳೇ ಎಣ್ಣೆ ತಪ್ಪದೆ ಕೊಡಬೇಕಂತೆ. ತಿನ್ನೋರೇ ಇಲ್ಲ, ಇನ್ನು ಎಣ್ಣೆ ಹಳೇದಾಗೋದು ಹೇಗ್ರೀ?"