ಕಬ್ಜಾದ ಭಯ

ಜಾಗ ಕೊಂಡರೆ ನೆಮ್ಮದಿ ಎಂದು ಹೇಳುವವರು ಸಾಮಾನ್ಯವಾಗಿ ಜಾಗ ಮಾರುವವರು. ಕೊಂಡವರನ್ನು ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಹೈದರಾಬಾದಿಗೆ ಐಟಿ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ಹಿಮಾಯತ್‌ನಗರದ ನಮ್ಮ ಆಫೀಸಿನಲ್ಲಿ ಚಹಾಕ್ಕೆ ನಿಂತವರೆಲ್ಲ ಪ್ಲಾಟಿನ ಮಾತೇ ಆಡುತ್ತಿದ್ದರು. ಸುಮ್ಮನೆ ಚಹಾ ಕುಡಿದು ಬರುವವನು ನಾನೊಬ್ಬನೇ. ಕಡೆಗೆ ಮರ್ಯಾದೆಗೆ ಅಂಜಿ ಮಿಯಾಪುರದಾಚೆ ಒಂದು ಪ್ಲಾಟು ಕೊಂಡೆ. ಹೆಂಡತಿ ಶೋಭಾಳ ಬಳೆಗಳೂ ಅದರಲ್ಲಿ ಕರಗಿದವು. ನಮ್ಮದೆಂದು ಹೇಳಿಕೊಳ್ಳಲು ಆ ಖಾಲಿ ಜಾಗ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಕೊಂಡದ್ದೇ ತಡ, ಅದೇ ಚಹಾದ ಗುಂಪು ಕಬ್ಜಾದ ಕಥೆ ಶುರುಮಾಡಿತು. ಖಾಲಿ ಬಿಟ್ಟರೆ ಯಾರಾದರೂ ಬಂದು ಆಕ್ರಮಿಸಿಕೊಳ್ಳುತ್ತಾರಂತೆ. ಒಬ್ಬರ ಪ್ಲಾಟಿನಲ್ಲಿ ತಗಡಿನ ಶೆಡ್ಡು ಎದ್ದಿತ್ತು, ಇನ್ನೊಬ್ಬರದರಲ್ಲಿ ಎಮ್ಮೆಗಳು, ಮತ್ತೊಬ್ಬರದರಲ್ಲಿ ದೇವರು. ಎಮ್ಮೆಯನ್ನಾದರೂ ಎಬ್ಬಿಸಬಹುದು ಎಂದರು. ಅಲ್ಲಿಂದ ನಮ್ಮ ಭಾನುವಾರಗಳು ಕೆಟ್ಟವು. ಬುತ್ತಿ ಕಟ್ಟಿಕೊಂಡು, ಬಸ್ಸು ಬದಲಿಸಿ, ಪ್ಲಾಟು ಅಲ್ಲೇ ಇದೆಯೇ ಎಂದು ನೋಡಿ ಬರುವುದು. ಅದು ಅಲ್ಲೇ ಇರುತ್ತಿತ್ತು. ಸೋಮವಾರ ಫೈಲು ಬಿಚ್ಚುವಷ್ಟರಲ್ಲಿ ಮತ್ತೆ ಸಂಶಯ. ತಡೆಯಲಾರದೆ ಕಲ್ಲುಕಂಬ ನೆಡಿಸಿ, ಮುಳ್ಳುತಂತಿ ಬಿಗಿಸಿದೆ. ಒಳಗಿದ್ದ ಜಾಲಿಮುಳ್ಳು, ಕಲ್ಲುಗಳನ್ನು ಕಿತ್ತು ಪಕ್ಕದ ಪ್ಲಾಟಿಗೆ ಎಸೆದೆವು. ಆ ಮಾಲೀಕ ಎಂಥ ಬೇಜವಾಬ್ದಾರಿ ಮನುಷ್ಯ, ಒಮ್ಮೆಯೂ ಬಂದು ನೋಡಿಲ್ಲ ಎಂದು ಇಬ್ಬರೂ ಬೈದುಕೊಂಡೆವು.

ಒಂದು ಭಾನುವಾರ ನಮ್ಮ ಬೇಲಿಯ ಹೊರಗೆ ಒಬ್ಬ ಹಿರಿಯರು ನಕ್ಷೆ ಹಿಡಿದು ನಿಂತಿದ್ದರು. ಬೀದರ ಕಡೆಯವರು, ಹೆಸರು ಶಿವರಾಜಪ್ಪ, ನಗರದ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ಮನೆ. ಬೇಲಿಯೊಳಗಿನ ಜಾಗ ತಮ್ಮದೆಂದು ಹಿಂದಿಯಲ್ಲಿ ರೇಗಿದರು. ನಾವು ಕನ್ನಡದಲ್ಲಿ ಮಾತಾಡುವುದು ಕೇಳಿ ಅವರ ಸಿಟ್ಟು ಇಳಿಯಲಿಲ್ಲ, ಭಾಷೆ ಮಾತ್ರ ಬದಲಾಯಿತು.

"ಕಬ್ಜಾ ಮಾಡೋವ್ರು ಬುತ್ತಿ ಕಟ್ಕೊಂಡು, ಹೆಂಡ್ತಿನ್ನ ಕರ್ಕೊಂಡು ಬರ್ತಾರಂತ ಗೊತ್ತಿರಲಿಲ್ಲ ನೋಡ್ರಿ."

ನಾನು ದಿನಚರಿ ಬರೆಯುವವನು. ನೆನಪನ್ನು ನಂಬಬಾರದೆಂದೇ ಬರೆಯುತ್ತೇನೆ. ಆದರೆ ಪ್ಲಾಟು ತೋರಿಸಿದ ದಿನ ನಾನು ಬರೆದದ್ದು ಏಜೆಂಟು ಕೊಡಿಸಿದ ಮಿರ್ಚಿ ಭಜಿಯ ಬಗ್ಗೆ ಮಾತ್ರ. ರಸ್ತೆಯಿಂದ ಮೂರನೆಯದು ಎಂಬುದನ್ನು ತಲೆಯಲ್ಲಿಟ್ಟುಕೊಂಡಿದ್ದೆ, ಅದು ಸರಿಯಾಗಿಯೂ ಇತ್ತು. ಆಮೇಲೆ ರಸ್ತೆಯೆನಿಸಿದ್ದ ಆ ಹಳೆಯ ಬಂಡಿದಾರಿ ಮುಚ್ಚಿ ಸಾಲಿನ ಆಚೆ ತುದಿಯಲ್ಲಿ ಹೊಸ ರಸ್ತೆಯಾಯಿತು. ನಾನು ಹೊಸ ರಸ್ತೆಯಿಂದ ಮೂರು ಎಣಿಸಿದೆ. ಸಾಲಿನಲ್ಲಿ ಇದ್ದದ್ದೇ ನಾಲ್ಕು ಪ್ಲಾಟು. ಶಿವರಾಜಪ್ಪನವರ ಬೆರಳು ನಕ್ಷೆಯ ಮೇಲೆ ಸರಿದು ನಿಜಕ್ಕೂ ನಮ್ಮದಾಗಿದ್ದ ಪ್ಲಾಟಿನ ಮೇಲೆ ನಿಂತಿತು. ತಲೆಯೆತ್ತಿ ನೋಡಿದರೆ ನಾವು ಮುಳ್ಳು ಎಸೆದು ಎಸೆದು ಗುಡ್ಡ ಮಾಡಿದ್ದ ಜಾಗ.

ಅವರು ಪೊಲೀಸರ ಹೆಸರು ಎತ್ತಿದ್ದರು. ಶೋಭಾ ಅಳುತ್ತಾಳೇನೋ ಎಂದು ತಿರುಗಿ ನೋಡಿದೆ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ನಮ್ದು ಯಾವುದಂತ ನಮಗೇ ಗೊತ್ತಿಲ್ರಿ ಅಣ್ಣಾರ," ಎಂದಳು. "ಕಬ್ಜಾ ಮಾಡೋರಿಗೆ ಹ್ಯಾಂಗ ಗೊತ್ತಾಗಬೇಕು?"

ಅಣ್ಣಾರ ಎಂದದ್ದಕ್ಕೋ ಏನೋ, ಅವರ ಮೀಸೆ ಸಡಿಲಾಯಿತು. ಮುಂದಿನ ಭಾನುವಾರದೊಳಗೆ ಬೇಲಿ ಕಿತ್ತುಕೊಂಡು ಹೋಗಬೇಕೆಂದು ಹೇಳಿ ಹೊರಟರು.

ಹಾಕಿಸುವಾಗ ಕೂಲಿಯವರಿದ್ದರು. ಕೀಳಲು ಮಾತ್ರ, ನಾಚಿಕೆಗೆ, ಯಾರನ್ನೂ ಕರೆಯಲಿಲ್ಲ. ಲುಂಗಿ ಎತ್ತಿ ಕಟ್ಟಿ ತಂತಿ ಸುತ್ತುತ್ತಿದ್ದಾಗ ಸ್ಕೂಟರಿನವನೊಬ್ಬ ನಿಲ್ಲಿಸಿ, ಈ ಪ್ಲಾಟು ಯಾರದು ಎಂದು ಹಿಂದಿಯಲ್ಲಿ ಗದರಿದ. ನನ್ನದು ಎಂದರೆ ಕಬ್ಜಾ, ನನ್ನದಲ್ಲ ಎಂದರೆ ಕಳ್ಳತನ. ಮಾಲೀಕರು ಕುಷಾಯಿಗೂಡದಲ್ಲಿದ್ದಾರೆ, ನಾನು ಕೂಲಿಯವನು ಎಂದುಬಿಟ್ಟೆ. ಎರಡು ಡಿಗ್ರಿ ಮಾಡಿದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅವನು ತಕ್ಷಣ ನಂಬಿದ. ನಂಬಿದ್ದಷ್ಟೇ ಅಲ್ಲ, ಸ್ವಲ್ಪ ಮುಂದೆ ತನ್ನದೂ ಒಂದು ಪ್ಲಾಟಿದೆ, ಅದಕ್ಕೆ ಬೇಲಿ ಹಾಕಿಕೊಡುತ್ತೀಯಾ ಎಂದು ಕೇಳಿದ.

ತಂತಿಯ ಇನ್ನೊಂದು ತುದಿ ಹಿಡಿದಿದ್ದ ಶೋಭಾ ಹಿಂದಿನಿಂದ ಮೆಲ್ಲಗೆ ಕನ್ನಡದಲ್ಲಿ ಹೇಳಿದಳು:

"ಒಪ್ಕೋರಿ. ಆದ್ರ ಈ ಸಲ ನೀವು ಎಣಿಸಬ್ಯಾಡ್ರಿ, ಅವನನ್ನ ಅವನ ಪ್ಲಾಟಿನ್ಯಾಗ ನಿಂದ್ರಿಸಿ ಸುತ್ತ ಬೇಲಿ ಹಾಕ್ರಿ."